ಪಾಸ್ಖ ಸಂಜೆಯ ಅಪರಿಚಿತ



ನಿನ್ನೆ ರಾತ್ರಿಯ ಜಾಗರಣೆ ಪೂಜೆ ಮುಗಿಸಿ ನೀವು ಮನೆ ಸೇರುವಾಗ ತುಂಬಾ ಹೊತ್ತಾಗಿತ್ತು. ಆದರೂ ಈ ಸಂಜೆ ಮತ್ತೆ ಬಂದಿದ್ದೀರಿ. ಮಧ್ಯಾಹ್ನದ ಹಬ್ಬದೂಟ ಇನ್ನೂ ಕಣ್ಣೆಳೆಯುತ್ತಿರಬಹುದು. ಆದ್ದರಿಂದ ಒಂದು ಪ್ರಸಂಗದಿಂದಲೇ ಆರಂಭಿಸುತ್ತೇನೆ.

ಕಳೆದ ವರ್ಷ ಜ್ಞಾನೋಪದೇಶದ ಮಕ್ಕಳಿಗೆ ನಾವೀಗ ಕೇಳಿದ ಇದೇ ಎಮ್ಮಾವು ದಾರಿಯ ಕಥೆ ಹೇಳುತ್ತಿದ್ದೆ. ಅಪರಿಚಿತನೊಬ್ಬ ಆ ಇಬ್ಬರು ಶಿಷ್ಯರ ಜೊತೆಗೂಡಿದ, ಅವನು ಯಾರೆಂದು ಅವರಿಗೆ ತಿಳಿಯಲಿಲ್ಲ ಎಂದು ಹೇಳಿದೆನೋ ಇಲ್ಲವೋ, ಮೊದಲ ಪರಮಪ್ರಸಾದಕ್ಕೆ ಸಿದ್ಧವಾಗುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಬೆಂಚಿನ ಮೇಲೆ ಎದ್ದು ನಿಂತು, "ಸ್ವಾಮಿ, ಅವ್ರಿಗೆ ಗೊತ್ತಾಗುತ್ತಾ ಇಲ್ವಾ? ಬೇಗ ಹೇಳಿ!" ಎಂದಳು. ಹಿಂದೆ ಕುಳಿತಿದ್ದ ದೊಡ್ಡ ಹುಡುಗರು ನಕ್ಕರು. ನನಗೆ ಮಾತ್ರ ಆ ಮಗುವನ್ನು ಕಂಡು ಹೊಟ್ಟೆಕಿಚ್ಚಾಯಿತು. ಈ ಶುಭಸಂದೇಶವನ್ನು ನಾನು ಹಾಗೆ ಕೇಳಿ ಎಷ್ಟು ವರ್ಷವಾಯಿತೋ!

ನಮ್ಮ ಕಷ್ಟವೇ ಇದು, ಬಂಧುಗಳೇ. ಕಥೆಯ ಕೊನೆ ನಮಗೆ ಮೊದಲೇ ಗೊತ್ತು. ಶುಭ ಶುಕ್ರವಾರ ಶಿಲುಬೆಗೆ ಮುತ್ತಿಟ್ಟು ಹೊರಗೆ ಬರುವಾಗಲೇ ಭಾನುವಾರಕ್ಕೆ ಮಟನ್ ಎಲ್ಲಿ ತರಬೇಕೆಂಬ ಮಾತು ಶುರುವಾಗಿರುತ್ತದೆ. ಆದರೆ ಆ ಮೊದಲ ಭಾನುವಾರ ಯಾರಿಗೂ ಏನೂ ಗೊತ್ತಿರಲಿಲ್ಲ. ಮಹಿಳೆಯರು ಸಮಾಧಿಗೆ ಸುಗಂಧದ್ರವ್ಯ ತೆಗೆದುಕೊಂಡು ಹೋದರು. ಸುಗಂಧದ್ರವ್ಯ ಬೇಕಾದದ್ದು ಶವಕ್ಕೆ. ಅಂದರೆ ಅವರು ಕಾಣಲು ಹೋದದ್ದು ಸತ್ತವರನ್ನು. ಮಗ್ದಲದ ಮರಿಯ ಎದುರಿಗೆ ನಿಂತಿದ್ದ ಪ್ರಭುವನ್ನೇ ತೋಟಗಾರನೆಂದುಕೊಂಡಳು. ಮಹಿಳೆಯರು ಓಡಿಬಂದು ಸುದ್ದಿ ಮುಟ್ಟಿಸಿದಾಗ ಪ್ರೇಷಿತರು ಅದನ್ನು ಹುಚ್ಚು ಮಾತೆಂದು ತಳ್ಳಿಹಾಕಿದರು. ಸಂತ ಲೂಕ ಇದನ್ನು ಮುಚ್ಚಿಡದೆ ಬರೆದಿದ್ದಾರೆ. ಹೆಂಗಸರ ಸಾಕ್ಷ್ಯಕ್ಕೆ ಅಷ್ಟಾಗಿ ಬೆಲೆಯಿಲ್ಲದ ಕಾಲ ಅದು. ಕಟ್ಟುಕಥೆ ಹೆಣೆಯುವವರಾಗಿದ್ದರೆ ಮೊದಲ ಸಾಕ್ಷಿಯಾಗಿ ಪೇತ್ರನನ್ನೋ ಯೊವಾನ್ನನನ್ನೋ ನಿಲ್ಲಿಸುತ್ತಿದ್ದರು, ಮರಿಯಳನ್ನಲ್ಲ. ಆಕೆಯ ಸ್ಮರಣೆಯನ್ನು ನಮ್ಮ ಪೂಜಾಪಂಚಾಂಗದಲ್ಲಿ ಪ್ರೇಷಿತರ ಹಬ್ಬಗಳ ದರ್ಜೆಗೆ ಏರಿಸಿದ್ದು 2016ರಲ್ಲಿ, ಜಗದ್ಗುರು ಫ್ರಾನ್ಸಿಸ್‌ರವರ ಕಾಲದಲ್ಲಿ. ಬಹಳ ತಡವಾಯಿತು ಎಂದೇ ನನ್ನ ಅನಿಸಿಕೆ.

ಈಗ ಎಮ್ಮಾವು ದಾರಿಗೆ ಬರೋಣ. ಜೆರುಸಲೇಮಿನಿಂದ ಸುಮಾರು 11 ಕಿಲೋಮೀಟರ್. ಎರಡೂವರೆ ಮೂರು ಗಂಟೆಯ ನಡಿಗೆ. ಒಬ್ಬನ ಹೆಸರು ಕ್ಲೆಯೋಫ, ಇನ್ನೊಬ್ಬರ ಹೆಸರನ್ನು ಲೂಕರು ಹೇಳುವುದಿಲ್ಲ. ಅಪರಿಚಿತ ಯಾರೆಂಬುದನ್ನು ನಮಗೆ ಮೊದಲೇ ಹೇಳಿಬಿಡುತ್ತಾರೆ, ಆ ಇಬ್ಬರಿಗೆ ಮಾತ್ರ ಹೇಳುವುದಿಲ್ಲ. ಹೀಗಾಗಿ ನಾವು ಆ ಹುಡುಗಿಯ ಹಾಗೆ ಬೆಂಚು ಹತ್ತಿ ನಿಂತು ಕಾಯಬೇಕು. ಕ್ಲೆಯೋಫನಂತೂ ನಡೆದದ್ದು ಊರಿಗೆಲ್ಲ ಗೊತ್ತಿರುವಾಗ ನಿನಗೊಬ್ಬನಿಗೆ ತಿಳಿಯದೆ ಎಂದು ಆತನನ್ನೇ ಕೇಳುತ್ತಾನೆ. ಯಾರನ್ನು? ಮೊಳೆಯ ಗಾಯ ಕೈಯಲ್ಲೇ ಇರುವವರನ್ನು! ಇಲ್ಲಿ ನಗು ಬಂದರೆ ತಪ್ಪೇನಿಲ್ಲ. ಆದರೆ ಮರುಕ್ಷಣವೇ ಅವರು ಇಸ್ರಯೇಲಿನ ಬಿಡುಗಡೆಯ ಬಗ್ಗೆ ತಮಗಿದ್ದ ನಿರೀಕ್ಷೆಯನ್ನು ಹೇಳಿಕೊಳ್ಳುತ್ತಾರೆ. ಅದು ಹಿಂದೆ ಇದ್ದ ನಿರೀಕ್ಷೆ. ಈಗಿಲ್ಲ.

ಯೇಸುಸ್ವಾಮಿ ತಾವು ಹೇಳಿದ ಸಾಮತಿಗಳಲ್ಲೂ ಹೀಗೆಯೇ ಕೇಳುವವರನ್ನು ಬೆಚ್ಚಿಬೀಳಿಸುತ್ತಿದ್ದರು. ಜೆರಿಕೊ ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಕಂಡು ಯಾಜಕ ದಾಟಿ ಹೋದ, ಲೇವಿಯ ದಾಟಿ ಹೋದ. (ಇದನ್ನು ಓದುವಾಗ ನಮ್ಮಂಥ ಗುರುಗಳಿಗೆ ಕೊಂಚ ಇರುಸುಮುರುಸು.) ಮೂರನೆಯವನು ತಮ್ಮಂತೆಯೇ ಒಬ್ಬ ಸಾಮಾನ್ಯ ಯೆಹೂದ್ಯ ಇರಬೇಕೆಂದು ಅಂದು ಕೇಳುತ್ತಿದ್ದವರು ಕಾದಿದ್ದಿರಬೇಕು ಎನ್ನುತ್ತಾರೆ ಬೈಬಲ್ ಪಂಡಿತರು. ಬಂದವನು ಅವರು ದೂರವಿಟ್ಟಿದ್ದ ಸಮಾರಿಯದವನು. ನಾವೋ ಆ ಸಾಮತಿಗೆ ಒಳ್ಳೆಯ ಸಮಾರಿಯದವನು ಎಂದು ಶೀರ್ಷಿಕೆ ಕೊಟ್ಟು ಗುಟ್ಟನ್ನು ಮೊದಲೇ ರಟ್ಟುಮಾಡಿದ್ದೇವೆ. ಈಗ ನಮ್ಮಲ್ಲಿ ಯಾರಿಗೂ ಆ ಕಥೆ ಚುಚ್ಚುವುದಿಲ್ಲ. ನಮ್ಮ ಬೀದಿಯಲ್ಲಿ ನಾವು ಮಾತಾಡಿಸದ ಮನೆಯವರ ಹೆಸರನ್ನು ಆ ಜಾಗದಲ್ಲಿಟ್ಟು ಓದಿ ನೋಡಿ, ಆಗ ಚುಚ್ಚುತ್ತದೆ.

ಧರ್ಮಸಭೆಯ ಚರಿತ್ರೆಯಲ್ಲೂ ಇಂಥದ್ದು ಉಂಟು. 1958ರ ಅಕ್ಟೋಬರ್ 28ರಂದು ಜಗದ್ಗುರು 23ನೇ ಜಾನ್ ಆಯ್ಕೆಯಾದಾಗ ಅವರಿಗೆ 76 ದಾಟಿ 77 ಹತ್ತಿರವಾಗಿತ್ತು. ವಯಸ್ಸಾದವರು, ಸ್ವಲ್ಪ ಕಾಲ ಸುಮ್ಮನೆ ಇದ್ದು ಹೋಗುತ್ತಾರೆ ಎಂದುಕೊಂಡವರೇ ಹೆಚ್ಚು. ಮೂರು ತಿಂಗಳೂ ತುಂಬಿರಲಿಲ್ಲ, 1959ರ ಜನವರಿ 25ರಂದು ಮಹಾಸಭೆ ಕರೆಯುವುದಾಗಿ ಘೋಷಿಸಿದರು. ಎದುರಿಗಿದ್ದ ಕಾರ್ಡಿನಲರು ಮಾತಿಲ್ಲದೆ ಕುಳಿತರು. ಆ ಮಹಾಸಭೆ 1963ರ ಡಿಸೆಂಬರಿನಲ್ಲಿ ಹೊರಡಿಸಿದ ದಸ್ತಾವೇಜಿನಿಂದಲೇ ಬಲಿಪೂಜೆಯಲ್ಲಿ ಜನರ ಭಾಷೆಗಳಿಗೆ ಬಾಗಿಲು ತೆರೆಯಿತು. ಅದಕ್ಕೂ ಮುಂಚೆ ಪೂಜೆ ಲತೀನಿನಲ್ಲಿ ನಡೆಯುವಾಗ ನಮ್ಮಜ್ಜಿ ಜಪಸರ ಮಾಡುತ್ತಾ ಕೂರುತ್ತಿದ್ದರಂತೆ. ಮೊದಲ ಸಲ ಪೀಠದಿಂದ ಕನ್ನಡ ಕೇಳಿದಾಗ ಸ್ವಾಮಿಗಳು ತಪ್ಪು ಮಾಡಿದರೇನೋ ಎಂದು ಗಾಬರಿಯಾಯಿತು ಎನ್ನುತ್ತಿದ್ದರು.

ಇಷ್ಟು ಹೇಳಿ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅನಿರೀಕ್ಷಿತವಾಗಿ ಬರುವುದೆಲ್ಲ ಸಿಹಿಯಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಎತ್ತುವ ಮೊದಲೇ ಕೈ ನಡುಗುತ್ತದೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಬೇರೊಂದು ಧರ್ಮಕೇಂದ್ರದಲ್ಲಿ ಒಂದು ಮನೆಗೆ ಅಂಥ ಫೋನ್ ಬಂತು. ಒಬ್ಬನೇ ಮಗ, ಬೈಕ್ ಅಪಘಾತ. ಮಣ್ಣು ಮಾಡಿದ ಮೂರನೆಯ ದಿನ ಅವರ ಮನೆಗೆ ಹೊರಟೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಗುರುಮಠದಲ್ಲಿ ವರ್ಷಗಟ್ಟಲೆ ಕಲಿತದ್ದು ಅಂದು ಉಪಯೋಗಕ್ಕೆ ಬರಬೇಕಿತ್ತು. ಬಾಗಿಲು ತೆರೆದ ಆ ತಾಯಿ ನನ್ನ ಮುಖ ನೋಡಿ, "ಸ್ವಾಮಿ, ಈಗೇನೂ ಹೇಳ್ಬೇಡಿ. ಊಟ ಆಯ್ತಾ?" ಎಂದರು.

ಆಯ್ತಮ್ಮ ಎಂದು ಸುಳ್ಳು ಹೇಳಿದೆ. ಆಕೆ ನಂಬಲಿಲ್ಲ. ಮೂರು ದಿನ ಒಲೆ ಹಚ್ಚದ ಮನೆ, ಅಕ್ಕಪಕ್ಕದವರು ತಂದಿಟ್ಟದ್ದು ಹಾಗೇ ಇತ್ತು. ಆಕೆ ಒಳಗೆ ಹೋಗಿ ಒಲೆ ಹಚ್ಚಿದರು. ಮುದ್ದೆ ಮಾಡಿದರು, ಸೊಪ್ಪಿನ ಸಾರು ಮಾಡಿದರು. ನೀವಿಬ್ಬರೂ ಕೂರದಿದ್ದರೆ ನಾನು ಮುಟ್ಟುವುದಿಲ್ಲ ಎಂದೆ. ಮಗ ಹೋದಂದಿನಿಂದ ಒಂದು ಮಾತೂ ಆಡದೆ ಮೂಲೆಯಲ್ಲಿದ್ದ ಯಜಮಾನರು ಬಂದು ಕುಳಿತು ಒಂದು ತುತ್ತು ನುಂಗಿ, "ಉಪ್ಪು ಸಾಲ್ದು" ಎಂದರು. ಆಗ ಆ ತಾಯಿ ಬಾಯಿಬಿಟ್ಟು ಅತ್ತರು. ಅಲ್ಲಿಯವರೆಗೆ ಅತ್ತಿರಲಿಲ್ಲವಂತೆ. ನಾನು ಜೋಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಒಂದನ್ನೂ ಆಡಲಿಲ್ಲ.

ಎಮ್ಮಾವು ತಲುಪಿದಾಗ ಆ ಅಪರಿಚಿತ ಮುಂದಕ್ಕೆ ಹೋಗುವವನಂತೆ ತೋರಿಸಿಕೊಂಡ. ಇಬ್ಬರೂ ಸುಮ್ಮನೆ ಒಳಗೆ ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರ ಎದೆಯಲ್ಲಿ ಸಾವಿನ ಸೂತಕ, ಆದರೂ ದಾರಿಹೋಕನೊಬ್ಬ ಕತ್ತಲಾದ ಮೇಲೆ ಎಲ್ಲಿ ಹೋಗುತ್ತಾನೆ ಎಂಬ ಚಿಂತೆ. ಬಲವಂತ ಮಾಡಿ ಕರೆದರು. ಊಟಕ್ಕೆ ಕುಳಿತಾಗ ಮನೆಯವರು ಮಾಡಬೇಕಾದದ್ದನ್ನು ಅತಿಥಿ ಮಾಡಿದ. ರೊಟ್ಟಿಯನ್ನು ತಾನೇ ಕೈಗೆತ್ತಿಕೊಂಡು, ಸ್ತುತಿಸಿ, ಮುರಿದು ಕೊಟ್ಟ. ಅವರು ಗುರುತು ಹಿಡಿದ ಕ್ಷಣದಲ್ಲೇ ಕಣ್ಣಿಗೆ ಮರೆಯಾದ. ಅವರು ಊಟ ಮುಗಿಸಿದರೋ ಇಲ್ಲವೋ ಲೂಕರು ಬರೆದಿಲ್ಲ. ಆ ಗಳಿಗೆಯಲ್ಲೇ ಎದ್ದು, ಬಂದ 11 ಕಿಲೋಮೀಟರನ್ನು ಮತ್ತೆ ಜೆರುಸಲೇಮಿಗೆ ನಡೆದರು ಎಂದಷ್ಟೇ ಬರೆದಿದ್ದಾರೆ.

ಆ ಮನೆಯಿಂದ ಪ್ರತಿ ಪಾಸ್ಖ ಹಬ್ಬಕ್ಕೂ ನನಗೆ ಫೋನ್ ಬರುತ್ತದೆ. ಹಬ್ಬದ ಶುಭಾಶಯಕ್ಕೂ ಮೊದಲು ಆ ತಾಯಿ ಊಟ ಆಯ್ತಾ ಎಂದು ಕೇಳುತ್ತಾರೆ. ಇಂದು ಬೆಳಗ್ಗೆ ಫೋನ್ ಬಂದಾಗ ನಾನು ಪೀಠದಲ್ಲಿದ್ದೆ. ಈ ಪೂಜೆ ಮುಗಿದ ಕೂಡಲೇ ಅವರಿಗೆ ಫೋನ್ ಮಾಡಬೇಕು.