ಅದು 'ಬರೀ ಥಿಯರಿ' ಅಲ್ಲ, ಸಿದ್ಧಾಂತ!

(ಯುವ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಲೇಜು ಕ್ಯಾಂಟೀನುಗಳಲ್ಲಿ ಒಂದು ಮಾತು ಓಡಾಡುತ್ತದೆ: "ಅದೆಲ್ಲ ಬರೀ ಥಿಯರಿ ಬಿಡೋ!" ಡಾರ್ವಿನ್ ಹೆಸರೆತ್ತಿದರೂ ಅದೇ ಮಾತು. ಇಂಗ್ಲಿಷಿನ ಆಡುಮಾತಿನಲ್ಲಿ ಥಿಯರಿ ಎಂದರೆ ಯಾರೋ ಕಟ್ಟಿದ ಊಹೆ. ಆ ಸಡಿಲ ಅರ್ಥವನ್ನೇ ನಾವು ಸಾಲ ತಂದಿದ್ದೇವೆ. ಕನ್ನಡದಲ್ಲಿ ಅದೇ ಪದ ಕೇಳಿ: ಸಿದ್ಧಾಂತ. ಪರೀಕ್ಷೆಗಳನ್ನೆಲ್ಲ ಎದುರಿಸಿ ನೆಲೆಗೊಂಡ ತೀರ್ಮಾನ. "ಬರೀ ಸಿದ್ಧಾಂತ" ಎನ್ನಲು ನಾಲಿಗೆಯೇ ಒಪ್ಪುವುದಿಲ್ಲ. (ರಾಜಕಾರಣಿಗಳು ಚುನಾವಣೆಗೊಂದರಂತೆ ಬದಲಿಸುವ ಸಿದ್ಧಾಂತದ ಮಾತು ಬೇರೆ!) ಆದರೆ ಡಾರ್ವಿನ್ ವಿಷಯದಲ್ಲಿ ನಮ್ಮವರೇ 'ವಿಕಾಸವಾದ' ಎಂದು ಬಾಲ ಅಂಟಿಸಿ ಕೆಡಿಸಿದರು. ವಿಕಾಸ ಸಿದ್ಧಾಂತ ಎನ್ನುವುದೇ ಸರಿ.

ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಊಹೆಗೆ ಬಡ್ತಿ ಸಿಕ್ಕರೆ ಸಿದ್ಧಾಂತ, ಸಿದ್ಧಾಂತಕ್ಕೆ ಬಡ್ತಿ ಸಿಕ್ಕರೆ ನಿಯಮವಂತೆ. ಇದೇನು ಸರ್ಕಾರಿ ನೌಕರಿಯೇ? ಏನಾಗುತ್ತದೆ ಎಂಬುದನ್ನು ನಿಯಮ ಹೇಳುತ್ತದೆ. ಏಕೆ ಹಾಗಾಗುತ್ತದೆ ಎಂಬುದನ್ನು ಸಿದ್ಧಾಂತ ವಿವರಿಸುತ್ತದೆ. ಇವೆರಡರ ಕೆಲಸವೇ ಬೇರೆ.

1687ರಲ್ಲಿ ನ್ಯೂಟನ್ ಗುರುತ್ವಾಕರ್ಷಣೆಯ ನಿಯಮ ಪ್ರಕಟಿಸಿದ. ದೂರ ಎರಡು ಪಟ್ಟಾದರೆ ಸೆಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಲೆಕ್ಕ ಪಕ್ಕಾ. ಆದರೆ ಸೆಳೆತವಾದರೂ ಏಕಿದೆ? ನಿಯಮದಲ್ಲಿ ಅದಕ್ಕೆ ಉತ್ತರವಿಲ್ಲ.

ಮುಂದೆ ಯುರೇನಸ್ ಗ್ರಹ ಈ ಲೆಕ್ಕ ತಪ್ಪಿ ನಡೆಯತೊಡಗಿತು. ಆಚೆ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿರಬೇಕು ಎಂದು ಫ್ರಾನ್ಸಿನ ಲೆವೆರಿಯೆ ಊಹಿಸಿದ, ಅದಿರುವ ಜಾಗವನ್ನೂ ಗುಣಿಸಿ ತೆಗೆದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ದೂರದರ್ಶಕ ತಿರುಗಿಸಿದರೆ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು!

ಬುಧ ಗ್ರಹದ್ದೂ ಒಂದು ತಕರಾರಿತ್ತು. ಅದರ ಕಕ್ಷೆ ಲೆಕ್ಕಕ್ಕಿಂತ ತುಸು ಹೆಚ್ಚು ತಿರುಗುತ್ತಿತ್ತು. ಇಂದಿನ ಅಳತೆಯಲ್ಲಿ ಆ ಹೆಚ್ಚುವರಿ ನೂರು ವರ್ಷಕ್ಕೆ 43 ಸೆಕೆಂಡು. ಒಂದು ಡಿಗ್ರಿಗೆ ಇಂಥ ಸೆಕೆಂಡುಗಳು 3600. ಅಷ್ಟು ಚಿಕ್ಕ ತಪ್ಪನ್ನೂ ಅವರು ಬಿಡಲಿಲ್ಲ ನೋಡಿ. 1859ರಲ್ಲಿ ಲೆವೆರಿಯೆ ಹಳೆಯ ಮದ್ದನ್ನೇ ಕೊಟ್ಟ: ಸೂರ್ಯನ ಹತ್ತಿರ ಕಾಣದ ವಸ್ತು ಏನೋ ಇದೆ. ಆ ಗ್ರಹಕ್ಕೆ ವಲ್ಕನ್ ಎಂದು ಹೆಸರೂ ಆಯಿತು. ಕಂಡೆವು ಎಂದವರೂ ಹುಟ್ಟಿಕೊಂಡರು. ಎಷ್ಟು ಹುಡುಕಿದರೂ ಅದು ಸಿಗಲಿಲ್ಲ, ಏಕೆಂದರೆ ಅದು ಇರಲೇ ಇಲ್ಲ. ಮನುಷ್ಯ ಅವನೇ, ಗಣಿತವೂ ಅದೇ. ಆದರೆ ಮೊದಲನೆಯ ಊಹೆ ಗೆದ್ದಿತು, ಎರಡನೆಯದು ಬಿತ್ತು. ಆದರೂ ನನ್ನ ಲೆಕ್ಕದಲ್ಲಿ ವಲ್ಕನ್ ಒಳ್ಳೆಯ ಊಹೆಯೇ. ಎಲ್ಲಿ ಹುಡುಕಬೇಕೆಂದು ಅದು ಹೇಳಿತ್ತು, ಹಾಗಾಗಿ ಸುಳ್ಳೆಂದು ಗೊತ್ತಾಯಿತು. ನಮ್ಮ ಟಿ.ವಿ. ಜ್ಯೋತಿಷಿಗಳು ಹಾಗೆ ಸಿಕ್ಕಿಬೀಳುವ ಮಾತನ್ನೇ ಆಡುವುದಿಲ್ಲ!

1915ರಲ್ಲಿ ಐನ್‌ಸ್ಟೈನ್ ಸಾಪೇಕ್ಷತಾ ಸಿದ್ಧಾಂತದಲ್ಲಿ 'ಏಕೆ' ಎಂಬುದಕ್ಕೆ ಉತ್ತರ ಕೊಟ್ಟ: ಭಾರಿ ವಸ್ತುವಿನ ಸುತ್ತ ದೇಶ, ಕಾಲಗಳೇ ಬಾಗುತ್ತವೆ. ಹೊಸ ಗ್ರಹದ ಹಂಗಿಲ್ಲದೆ ಆ 43 ಸೆಕೆಂಡು ತಾನಾಗಿ ಹೊರಬಂತು. ಹಾಗೆಂದು ನ್ಯೂಟನ್ನನ ನಿಯಮ ಕಸದಬುಟ್ಟಿ ಸೇರಿತೇ? ಇಲ್ಲ. ರಾಕೆಟ್ ಹಾರಿಸುವವರು ಇಂದಿಗೂ ಹೆಚ್ಚಾಗಿ ಅದೇ ಲೆಕ್ಕ ಹಾಕುತ್ತಾರೆ.

ನಿಮ್ಮ ಮೊಬೈಲಿಗೆ ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳಿಗೆ ಮಾತ್ರ ಐನ್‌ಸ್ಟೈನ್ ಬೇಕೇ ಬೇಕು. ಅಲ್ಲಿನ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. ಅದನ್ನು ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಮೊದಲೇ ತಿದ್ದಿ ಇಟ್ಟಿರುವುದರಿಂದಲೇ, ಮೆಜೆಸ್ಟಿಕ್ಕಿಗೆ ಹೊರಟ ಆಟೋ ಮೆಜೆಸ್ಟಿಕ್ಕಿಗೇ ಹೋಗಿ ನಿಲ್ಲುತ್ತದೆ.