ಶಾಪದಿಂದ ಯಾರೂ ಸುಧಾರಿಸುವುದಿಲ್ಲ

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾದಕ ವ್ಯಸನದ ಬಗ್ಗೆ ನಾವು ಮಾತನಾಡುವುದು ಅದು ಯಾವಾಗಲೂ ನೆರೆಮನೆಯ ಸಮಸ್ಯೆ ಎಂಬಂತೆ. ನಮ್ಮದೇ ಮಗ ಅದಕ್ಕೆ ಬಲಿಯಾದರೆ ಮಾತ್ರ ಮಾನಕ್ಕೆ ಅಂಜಿ ಬಾಗಿಲು ಮುಚ್ಚಿಕೊಳ್ಳುತ್ತೇವೆ. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರಕಾರಕ್ಕಾಗಿ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಸುಮಾರು ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಉಳಿದ 37 ಮಂದಿಯೂ ಯಾವುದೋ ಮನೆಯ ಮಕ್ಕಳೇ ಅಲ್ಲವೇ?

ವ್ಯಸನಿಗೆ ಮನಸ್ಸಿಲ್ಲ, ಆದ್ದರಿಂದ ಬಿಡುತ್ತಿಲ್ಲ ಎನ್ನುತ್ತೇವೆ. ವಾಸ್ತವದಲ್ಲಿ ಅನೇಕರು ಬಿಡಲು ಪ್ರಯತ್ನಿಸಿ ಸೋತಿರುತ್ತಾರೆ. ಸಾಲ, ನಿರುದ್ಯೋಗ, ಮನೆಯ ಜಗಳ ಮುಂತಾದ ಒತ್ತಡಗಳು ಅವರನ್ನು ಮತ್ತೆ ಅದೇ ದಾರಿಗೆ ಎಳೆಯುತ್ತವೆ. ಪ್ರತಿ ಸೋಲಿನೊಂದಿಗೆ 'ನನ್ನಿಂದಾಗದು' ಎಂಬ ಭಾವನೆ ಗಟ್ಟಿಯಾಗುತ್ತದೆ. ನಮ್ಮ ನಿಂದೆ ಆ ಭಾವನೆಗೆ ಮುದ್ರೆಯೊತ್ತುತ್ತದೆ.

'ನನ್ನಿಂದ ಸಾಧ್ಯ' ಎಂಬ ನಂಬಿಕೆಯ ಮಹತ್ವವನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ವಿವರಿಸಿದರು. ಸಣ್ಣ ಸಣ್ಣ ಗೆಲುವುಗಳು, ತನ್ನಂತೆಯೇ ಇದ್ದು ಪಾರಾದವರ ಉದಾಹರಣೆ, ಆಪ್ತರ ಪ್ರೋತ್ಸಾಹ ಹಾಗೂ ದೇಹ-ಮನಸ್ಸುಗಳ ನೆಮ್ಮದಿ, ಈ ನಾಲ್ಕರಿಂದ ಅದು ಬೆಳೆಯುತ್ತದೆ. ಇವುಗಳಲ್ಲಿ ಯಾವುದೂ ಬೈಗುಳದಿಂದ ದೊರೆಯದು.

ಇಸ್ಲಾಮಿನಲ್ಲಿ ಅಮಲು ನಿಷಿದ್ಧ. ಅದರಲ್ಲಿ ರಾಜಿಯಿಲ್ಲ. ಆದರೆ ಮದ್ಯಪಾನಕ್ಕಾಗಿ ಪದೇ ಪದೇ ಶಿಕ್ಷೆಗೊಳಗಾದ ವ್ಯಕ್ತಿಯನ್ನು ಒಬ್ಬರು ಶಪಿಸಿದಾಗ ಪ್ರವಾದಿವರ್ಯರು(ಸ) ಅದನ್ನು ತಡೆದರೆಂದೂ, ಆತನ ಹೃದಯದಲ್ಲಿ ದೇವಪ್ರೇಮವಿದೆಯೆಂದು ಸಾಕ್ಷ್ಯ ನುಡಿದರೆಂದೂ ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಪಾಪವನ್ನು ದ್ವೇಷಿಸಬೇಕು, ಪಾಪಿಯನ್ನು ಕೈಬಿಡಬಾರದು ಎಂಬ ಪಾಠ ಇದರಲ್ಲಿದೆ.

ಇನ್ನೊಂದು ಎಚ್ಚರಿಕೆ. ಮಗನನ್ನು ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸಲು ಹೊರಡಬೇಡಿ. ದೀರ್ಘಕಾಲ ವಿಪರೀತ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಅಪಸ್ಮಾರ, ಬುದ್ಧಿಭ್ರಮಣೆ ಉಂಟಾಗಿ ಜೀವಕ್ಕೇ ಅಪಾಯವಾಗಬಹುದು. ವೈದ್ಯರ ನಿಗಾ ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. 14446 ಕೇಂದ್ರ ಸರಕಾರದ ಉಚಿತ ಸಹಾಯವಾಣಿ. ಪೊಲೀಸರ ಭಯದಿಂದ ಹಿಂಜರಿಯುವವರು ಇದನ್ನೂ ತಿಳಿದಿರಲಿ: ಮಾದಕ ವಸ್ತು ಸೇವನೆಯ ಆರೋಪ ಹೊತ್ತ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪೂರೈಸಿದರೆ, 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಆತನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ.

ಚಿಕಿತ್ಸೆ ಪಡೆದವನು ಮತ್ತೊಮ್ಮೆ ಎಡವಬಹುದು. ಆಗ 'ಎಲ್ಲವೂ ವ್ಯರ್ಥವಾಯಿತು' ಎನ್ನದಿರಿ. ವ್ಯಸನವಿಲ್ಲದೆ ಕಳೆದ ದಿನಗಳನ್ನು ಅವನಿಗೆ ನೆನಪಿಸಿ, ಪುನಃ ವೈದ್ಯರ ಬಳಿಗೆ ಕರೆದೊಯ್ಯಿರಿ. ಪಶ್ಚಾತ್ತಾಪದ ಬಾಗಿಲನ್ನು ಅಲ್ಲಾಹನು ತೆರೆದಿಟ್ಟಿರುವಾಗ ಮನೆಯ ಬಾಗಿಲನ್ನು ಮುಚ್ಚಲು ನಾವು ಯಾರು?