ಆಸ್ಪತ್ರೆಯ ಸಾಲ ಮತ್ತು ಸೂರಿನಡಿಯ ಲೋಟ

(ತಾಲ್ಲೂಕು ರೈತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಲೆಯ ವಿಚಾರ ಮಾತಾಡಬೇಕು ಅಂತ ಶಿಬಿರದವರು ನನ್ನನ್ನು ಕರೆದರು. ನಾನು ಬೆಲೆಯ ವಿಚಾರವನ್ನೇ ಮಾತಾಡುತ್ತೇನೆ. ಆದರೆ ಇವತ್ತು ರಾಗಿ, ಕೊಬ್ಬರಿಯ ಬೆಲೆ ಅಲ್ಲ, ಕಾಯಿಲೆಯ ಬೆಲೆ. ಅದನ್ನು ನಾವು ಎಷ್ಟು ಕೊಡುತ್ತಿದ್ದೇವೆ, ಯಾಕೆ ಕೊಡುತ್ತಿದ್ದೇವೆ, ಅದರಲ್ಲಿ ನಮ್ಮ ತಪ್ಪು ಎಷ್ಟು ಅನ್ನುವುದೇ ನನ್ನ ಮಾತು. ಕೊನೆಯದು ಕೆಲವರಿಗೆ ರುಚಿಸಲಿಕ್ಕಿಲ್ಲ. ಸಿಟ್ಟು ಬಂದರೆ ಬರಲಿ, ಪೂರ್ತಿ ಕೇಳಿ ಆಮೇಲೆ ಬೈಯಿರಿ.

ಮೊದಲು ನೀವು ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಊಟ ಆದಮೇಲೆ ನಿಮ್ಮ ಮನೆಯ ಸಾಲವನ್ನೆಲ್ಲ ಒಂದು ಹಾಳೆಯ ಮೇಲೆ ಬರೆಯಿರಿ. ಸೊಸೈಟಿಯದು, ಬ್ಯಾಂಕಿನದು, ಗೊಬ್ಬರದ ಅಂಗಡಿಯದು, ಕೈಸಾಲ, ಒಡವೆ ಅಡವಿಟ್ಟು ತಂದದ್ದು, ಎಲ್ಲವನ್ನೂ. ಪ್ರತಿಯೊಂದರ ಮುಂದೆ ನಿಜವಾಗಿ ಯಾತಕ್ಕೆ ತಂದದ್ದು ಅಂತ ಬರೆಯಿರಿ. ಬ್ಯಾಂಕಿನ ಪುಸ್ತಕದಲ್ಲಿ ಅದು ಬೆಳೆ ಸಾಲ. ಆದರೆ ಆ ದುಡ್ಡು ಹೊಲಕ್ಕೆ ಹೋಯಿತೋ, ಅಪ್ಪನ ಎದೆನೋವಿಗೆ ಹೋಯಿತೋ, ಹೆಂಡತಿಯ ಗರ್ಭಕೋಶದ ಆಪರೇಷನ್ನಿಗೆ ಹೋಯಿತೋ, ಅದು ನಿಮಗೆ ಮಾತ್ರ ಗೊತ್ತು. ಬೋರ್‌ವೆಲ್ಲು, ಮದುವೆ, ಆಸ್ಪತ್ರೆ, ಈ ಮೂರೂ ಆ ಹಾಳೆಯಲ್ಲಿ ಅಕ್ಕಪಕ್ಕ ಕೂತಿರುತ್ತವೆ.

ಇದು ನನ್ನ ಊಹೆ ಅಲ್ಲ. ಅನಿರುದ್ಧ ಕೃಷ್ಣ ಅನ್ನುವ ಸಂಶೋಧಕರು ರಾಜಸ್ಥಾನ, ಗುಜರಾತ್, ಆಂಧ್ರದ ಹಳ್ಳಿಗಳಲ್ಲಿ, ಹಾಗೆಯೇ ಆಫ್ರಿಕಾದ ಕೀನ್ಯಾ, ಉಗಾಂಡದಲ್ಲಿ, ಇನ್ನೂ ಕೆಲವು ಕಡೆ, ಒಟ್ಟು ಸುಮಾರು 35 ಸಾವಿರ ಕುಟುಂಬಗಳ ಕತೆ ಕೇಳಿದರು. ಊರವರನ್ನೇ ಕೂಡಿಸಿ, ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆ ಈ ಮನೆ ಹೇಗಿತ್ತು, ಈಗ ಹೇಗಿದೆ, ಕೆಳಗೆ ಬಿದ್ದದ್ದು ಯಾಕೆ ಅಂತ ಒಂದೊಂದು ಮನೆಯದ್ದೂ ವಿಚಾರಿಸಿದರು. 2010ರಲ್ಲಿ ಅದು ಪುಸ್ತಕವಾಗಿ ಬಂತು. ಚೆನ್ನಾಗಿದ್ದ ಮನೆ ಬಡತನಕ್ಕೆ ಬೀಳಲು ಎಲ್ಲ ಕಡೆಯೂ ಮುಖ್ಯವಾಗಿ ಕಂಡ ಕಾರಣ ಕಾಯಿಲೆ ಮತ್ತು ಅದರ ಖರ್ಚು. ಸೋಮಾರಿತನದಿಂದ, ಕುಡಿತದಿಂದ ಜನ ಹಾಳಾಗುತ್ತಾರೆ ಅಂತ ಪೇಟೆಯವರು ಹೇಳುತ್ತಾರಲ್ಲ, ಅದು ಬಹಳ ಕೆಳಗೆ ಇತ್ತು.

ಸರ್ಕಾರದ್ದೇ ಲೆಕ್ಕ ನೋಡಿ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಹಳ್ಳಿಯವನೊಬ್ಬ ಒಂದು ಸಲ ಸರ್ಕಾರಿ ಆಸ್ಪತ್ರೆಗೆ ಸೇರಿದರೆ ಸರಾಸರಿ ಖರ್ಚು 4 ಸಾವಿರದ ಚಿಲ್ಲರೆ. ಖಾಸಗಿ ಆಸ್ಪತ್ರೆಗೆ ಸೇರಿದರೆ 27 ಸಾವಿರದ ಮೇಲೆ. ಇದು ಇಡೀ ದೇಶದ ಸರಾಸರಿ, ಅದೂ ಆಗಿನದ್ದು. ನಡುವಿನ ಆ 23 ಸಾವಿರ ರೂಪಾಯಿ ಎಲ್ಲಿಂದ ಬರಬೇಕು? ಎಕರೆಗೆ ಎಷ್ಟು ಮೂಟೆ ರಾಗಿ ಮಾರಬೇಕು? ನೀವೇ ಲೆಕ್ಕ ಹಾಕಿ.

ಬೆಂಬಲ ಬೆಲೆ ಗೊತ್ತುಮಾಡುವ ಆಯೋಗ ನಮ್ಮ ಬೀಜ, ಗೊಬ್ಬರ, ಕೂಲಿ, ಎತ್ತು, ಬಾಡಿಗೆ ಟ್ರ್ಯಾಕ್ಟರು ಎಲ್ಲವನ್ನೂ ಖರ್ಚಿನ ಪಟ್ಟಿಗೆ ಹಿಡಿಯುತ್ತದೆ. ಮನೆಯವರ ದುಡಿಮೆಗೂ ಕೂಲಿ ಕಟ್ಟುತ್ತದೆ. ಆದರೆ ಆ ದುಡಿಯುವ ಮೈ ಕೆಟ್ಟರೆ ರಿಪೇರಿ ಖರ್ಚು ಎಷ್ಟು ಅನ್ನುವ ಕಾಲಂ ಅದರಲ್ಲಿ ಇಲ್ಲ. ಟ್ರ್ಯಾಕ್ಟರಿನ ಸವಕಳಿಗೆ ಲೆಕ್ಕ ಉಂಟು, ರೈತನ ಬೆನ್ನುಮೂಳೆಯ ಸವಕಳಿಗೆ ಲೆಕ್ಕ ಇಲ್ಲ.

ವಿಮೆ ಇದೆಯಲ್ಲ ಅಂತೀರಿ. ಇದೆ. 2003ರಲ್ಲಿ ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಬಂತು, ಬಹಳ ಜನರ ಆಪರೇಷನ್ ಆಯಿತು, ಒಳ್ಳೆಯ ಕೆಲಸ. 2018ರಲ್ಲಿ ಅದನ್ನು ನಿಲ್ಲಿಸಿ ಆರೋಗ್ಯ ಕರ್ನಾಟಕದಲ್ಲಿ ಸೇರಿಸಿದರು, ಆಮೇಲೆ ರೈತರು ಕೇಳಿ ಕೇಳಿ 2022-23ರಲ್ಲಿ ಮತ್ತೆ ಶುರುವಾಯಿತು. ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನವರಿಗೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕಾರ್ಡಿನವರಿಗೆ ನಿಗದಿಯಾದ ದರದ ಶೇಕಡಾ 30 ಮಾತ್ರ ಅಂತ ಮಾಡಿದರು. ನಾಲ್ಕು ಎಕರೆ ಖುಷ್ಕಿ ಇಟ್ಟುಕೊಂಡು ಎಪಿಎಲ್ ಆದವನು ಉಳಿದ 70ಕ್ಕೆ ಯಾರ ಮನೆ ಬಾಗಿಲಿಗೆ ಹೋಗಬೇಕು? ಅದೂ ಅಲ್ಲದೆ ಆಪರೇಷನ್ನಿಗೆ ವಿಮೆ ಸಿಕ್ಕೀತು. ತಿಂಗಳು ತಿಂಗಳು ನುಂಗುವ ಸಕ್ಕರೆ ಕಾಯಿಲೆಯ, ಬಿಪಿಯ ಗುಳಿಗೆಗೆ, ಬಸ್ ಚಾರ್ಜಿಗೆ, ಹೋದ ಕೂಲಿಗೆ ಯಾವ ವಿಮೆ?

ಇಲ್ಲಿಯವರೆಗೆ ಹೇಳಿದ್ದಕ್ಕೆ ನೀವು ಚಪ್ಪಾಳೆ ಹೊಡೆಯುತ್ತೀರಿ, ನನಗೆ ಗೊತ್ತು. ಸರ್ಕಾರವನ್ನು ಬೈದರೆ ಎಲ್ಲರಿಗೂ ಸಂತೋಷ. ಈಗ ನಮ್ಮ ಮನೆಯ ಕತೆ ಕೇಳಿ.

ನಮ್ಮ ಹೊಲಕ್ಕೆ ಇಪ್ಪತ್ತು ವರ್ಷ ಕೂಲಿಗೆ ಬಂದ ಒಬ್ಬ ಹೆಣ್ಣುಮಗಳು ಇದ್ದಳು, ಕಾಲೋನಿಯವಳು. ನಮ್ಮ ರಾಗಿಯ ಕಳೆ ಕಿತ್ತವಳು, ನಮ್ಮ ತಾಯಿ ಹಾಸಿಗೆ ಹಿಡಿದಾಗ ಬಟ್ಟೆ ಒಗೆದವಳು. ಒಂದು ವರ್ಷ ಅವಳಿಗೆ ಕೆಮ್ಮು ಹಿಡಿಯಿತು. ವಾರ ಕಳೆಯಿತು, ತಿಂಗಳು ಕಳೆಯಿತು, ಕೆಮ್ಮು ಹೋಗಲಿಲ್ಲ, ಮೈ ಇಳಿಯಿತು. ನಾನು ಏನು ಮಾಡಿದೆ? ಮನೆಯವಳಿಗೆ ಹೇಳಿದೆ, ಆಕೆಯ ಲೋಟ ಸ್ವಲ್ಪ ದೂರ ಇಡು ಅಂತ. ಆಕೆ ನಕ್ಕಳು. ದೂರ ಇಡೋದೇನು, ಅದು ಯಾವಾಗಲೂ ಹೊರಗೇ ಸೂರಿನಡಿ ಇದೆಯಲ್ಲ ಅಂದಳು. ಕಾಯಿಲೆ ಬರುವುದಕ್ಕೆ ಇಪ್ಪತ್ತು ವರ್ಷ ಮುಂಚೆಯೇ ಅವಳ ಲೋಟ ಬೇರೆ ಇತ್ತು.

ಆ ಕೆಮ್ಮು ಕ್ಷಯ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಪುಕ್ಕಟೆ, ಆರು ತಿಂಗಳ ಗುಳಿಗೆಯೂ ಪುಕ್ಕಟೆ. ಇದು ನನಗೂ ಗೊತ್ತಿರಲಿಲ್ಲ, ಅವಳಿಗೂ ಯಾರೂ ಹೇಳಿರಲಿಲ್ಲ. ಒಂದು ಸಲ ಆಸ್ಪತ್ರೆಗೆ ಹೋಗಿದ್ದಳಂತೆ. ಆಚೆ ನಿಲ್ಲು ಅಂದರಂತೆ. ಮತ್ತೆ ಹೋಗಲಿಲ್ಲ. ಕೊನೆಗೆ ಹೋದಾಗ ಹೊತ್ತು ಮೀರಿತ್ತು. ಗುಳಿಗೆ ಶುರುಮಾಡಿದ ಮೂರನೇ ವಾರಕ್ಕೆ ತೀರಿಕೊಂಡಳು.

ಅದೇ ವರ್ಷ ನನ್ನ ಅಣ್ಣನ ಮಗನಿಗೂ ಕ್ಷಯ ಬಂತು. ಯಾರಿಂದ ಬಂತೋ, ಎಲ್ಲಿಂದ ಬಂತೋ, ಅವಳ ತಲೆಗೆ ಕಟ್ಟುವುದು ಬೇಡ. ನಾವು ಸರ್ಕಾರಿ ಆಸ್ಪತ್ರೆಗೆ ಹೋಗಲಿಲ್ಲ. ಆ ಸಾಲಿನಲ್ಲಿ ನಿಂತರೆ ಊರವರು ಏನಂದಾರು? ಪೇಟೆಯ ಖಾಸಗಿ ವೈದ್ಯರ ಹತ್ತಿರ ಹೋದೆವು. ಸ್ಕ್ಯಾನ್, ಪರೀಕ್ಷೆ, ಟಾನಿಕ್ಕು ಅಂತ ಅರವತ್ತು ಸಾವಿರ ಕೈಬಿಟ್ಟಿತು. ನೂರಕ್ಕೆ ಮೂರು ಬಡ್ಡಿ. ಹುಡುಗ ಉಳಿದ, ಅದೇ ಸಮಾಧಾನ. ಆದರೆ ಅವನು ನುಂಗಿದ ಗುಳಿಗೆ, ನಮ್ಮ ಊರಿಂದ ಮೂರು ಮೈಲಿಯಲ್ಲಿ ಪುಕ್ಕಟೆ ಸಿಗುತ್ತಿದ್ದ ಗುಳಿಗೆಯೇ.

ಯೋಚನೆ ಮಾಡಿ. ಅವಳಿಗೆ ಅಲ್ಲಿ ಹೋಗಲು ಧೈರ್ಯ ಇರಲಿಲ್ಲ. ನಮಗೆ ಹೋಗಲು ಮರ್ಯಾದೆ ಅಡ್ಡ ಬಂತು. ಒಂದೇ ಗೋಡೆಯ ಆಚೆ ಒಬ್ಬಳು ಸತ್ತಳು, ಈಚೆ ಒಂದು ಮನೆ ಸಾಲಕ್ಕೆ ಬಿತ್ತು. ಇನ್ನೊಂದು ಮಾತು. ಕ್ಷಯ ಲೋಟದಿಂದ ಹರಡುವುದಿಲ್ಲ, ಕೆಮ್ಮಿದ ಗಾಳಿಯಿಂದ ಹರಡುತ್ತದೆ. ಸೂರಿನಡಿಯ ಲೋಟ ನಮ್ಮನ್ನು ಯಾವ ಕಾಯಿಲೆಯಿಂದಲೂ ಕಾಪಾಡಲಿಲ್ಲ.

ಆಚೆ ನಿಲ್ಲು ಅನ್ನುವ ಮಾತು ನಮ್ಮ ತಾಲ್ಲೂಕಿನದ್ದು ಮಾತ್ರ ಅಲ್ಲ. ಸಂಘಮಿತ್ರಾ ಆಚಾರ್ಯ ಅನ್ನುವ ವಿದ್ವಾಂಸರು ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ದಲಿತ ಮಕ್ಕಳನ್ನೇ ಕೂರಿಸಿ ಕೇಳಿದರು. ಗುಳಿಗೆ ಕೊಡುವಾಗ ಮುಟ್ಟುವುದಿಲ್ಲ, ಮನೆಯೊಳಗೆ ಬರುವುದಿಲ್ಲ, ಸರಿಯಾಗಿ ಮಾತಾಡಿಸುವುದಿಲ್ಲ ಅಂತ ಮಕ್ಕಳು ಹೇಳಿದರು. 2018ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗ ಒಂದು ವರದಿ ಕೊಟ್ಟಿತು. ಭಾರತದಲ್ಲಿ ತೀರಿಕೊಂಡ ದಲಿತ ಹೆಂಗಸರ ಸರಾಸರಿ ವಯಸ್ಸು ಮೇಲ್ಜಾತಿಯ ಹೆಂಗಸರದಕ್ಕಿಂತ 14.6 ವರ್ಷ ಕಡಿಮೆ ಅಂತ ಅದರಲ್ಲಿದೆ. ಹದಿನಾಲ್ಕು ವರ್ಷ ಅಂದರೆ ಒಂದು ಮಗು ಹುಟ್ಟಿ ಹೈಸ್ಕೂಲು ಸೇರುವಷ್ಟು ಕಾಲ.

ಈಗ ಕೆಲವರು ಕೇಳುತ್ತೀರಿ. ಬೆಲೆ ಸಿಗದೆ ನಾವೇ ಸಾಯುತ್ತಾ ಇದ್ದೀವಿ, ಕಾಲೋನಿಯ ಗೋಳು ನಮಗೆ ಯಾಕಪ್ಪಾ ಅಂತ. ಧರ್ಮಕ್ಕೆ ಅಂತ ನಾನು ಹೇಳುವುದಿಲ್ಲ, ಲೆಕ್ಕದಿಂದಲೇ ಹೇಳುತ್ತೇನೆ.

ನಮ್ಮ ಊರಿನಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ ನಾವು ಎಷ್ಟು ದಿನ ಸುಮ್ಮನಿರುತ್ತೇವೆ? ಎರಡು ದಿನ. ಮೂರನೇ ದಿನ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗಿ ಕಚೇರಿ ಮುಂದೆ ಕೂರುತ್ತೇವೆ, ಟ್ರಾನ್ಸ್‌ಫಾರ್ಮರ್ ಬರುತ್ತದೆ. ಅದೇ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಸಲ ಮೂರು ವರ್ಷ ಡಾಕ್ಟರು ಇರಲಿಲ್ಲ. ಒಂದು ಅರ್ಜಿಯೂ ಹೋಗಲಿಲ್ಲ. ಯಾಕೆ? ಅಲ್ಲಿಗೆ ಹೋಗುತ್ತಿದ್ದವರು ಕಾಲೋನಿಯವರು, ಅಲೆಮಾರಿಗಳು, ವಿಧವೆಯರು. ಅವರ ಮಾತಿಗೆ ಕಚೇರಿಯಲ್ಲಿ ಕುರ್ಚಿ ಇಲ್ಲ. ಮಾತಿಗೆ ಬೆಲೆ ಇದ್ದ ನಾವು ಪೇಟೆಯ ನರ್ಸಿಂಗ್ ಹೋಂ ಹಿಡಿದಿದ್ದೆವು. ಬಾಯಿಲ್ಲದವರಿಗೆ ಅಂತ ಬಿಟ್ಟ ಆಸ್ಪತ್ರೆ ಹಾಳಾಯಿತು. ಹಾಳಾದ ಮೇಲೆ ನಡುರಾತ್ರಿ ನಮ್ಮ ಮಗನಿಗೆ ಹಾವು ಕಚ್ಚಿದಾಗ ಅದು ನಮಗೂ ಇರಲಿಲ್ಲ. ಅವರನ್ನು ಹೊರಗಿಟ್ಟದ್ದರ ಬಿಲ್ಲು ಬಂದದ್ದು ನಮ್ಮ ಸಾಲದ ಪುಸ್ತಕಕ್ಕೆ.

ಆಸ್ಪತ್ರೆ ಅನ್ನುವುದು ಸರ್ಕಾರದ ಭಿಕ್ಷೆ ಅಲ್ಲ. ದುಡ್ಡಿಲ್ಲ ಅನ್ನುವ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂತ 1946ರಲ್ಲೇ ಭೋರ್ ಸಮಿತಿ ಹೇಳಿತ್ತು. ಬಯಲುಸೀಮೆಯಲ್ಲಿ 30 ಸಾವಿರ ಜನಕ್ಕೆ, ಗುಡ್ಡಗಾಡಿನಲ್ಲಿ 20 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು ಅನ್ನುವುದು ಸರ್ಕಾರದ್ದೇ ನಿಯಮ. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ದೇಶದ ಒಟ್ಟು ಉತ್ಪನ್ನದ ಶೇಕಡಾ 2.5ನ್ನು ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಮಾಡಬೇಕು ಅಂದಿತ್ತು. ಆ ಗುರಿ ಮುಟ್ಟಲಿಲ್ಲ. ಕೇಳುವವರು ಇದ್ದರಲ್ಲವೇ ಮುಟ್ಟುವುದು?

ಇನ್ನೊಂದು ಸಂಶೋಧನೆ ಹೇಳಿ ಮುಗಿಸುತ್ತೇನೆ. ಅದು ನಮ್ಮ ದೇಶದ್ದಲ್ಲ, ಇಂಗ್ಲೆಂಡಿನದು. ಆದರೆ ನಮಗೆ ಬಹಳ ಹತ್ತಿರದ್ದು. 1967ರಲ್ಲಿ ಲಂಡನ್ನಿನ ಸರ್ಕಾರಿ ಕಚೇರಿಗಳ ಸುಮಾರು 18 ಸಾವಿರ ಗಂಡಸರನ್ನು ಪರೀಕ್ಷೆ ಮಾಡಿ, ವರ್ಷಗಟ್ಟಲೆ ಯಾರು ಬದುಕಿದರು, ಯಾರು ಸತ್ತರು ಅಂತ ಗಮನಿಸಿದರು. ಯಾರೂ ಹಸಿದವರಲ್ಲ. ಎಲ್ಲರಿಗೂ ತಿಂಗಳ ಸಂಬಳ. ಅಲ್ಲಿ 1948ರಿಂದ ಎಲ್ಲರಿಗೂ ಸರ್ಕಾರದ ವೈದ್ಯಸೇವೆ. ಆದರೂ ಬಾಗಿಲು ಕಾಯುವ ಜವಾನರಲ್ಲಿ ಸಾವಿನ ಪ್ರಮಾಣ ಮೇಲಿನ ಅಧಿಕಾರಿಗಳ ಮೂರರಷ್ಟು ಇತ್ತು. ಬೀಡಿ ಸಿಗರೇಟು, ರಕ್ತದ ಒತ್ತಡ ಎಲ್ಲ ಲೆಕ್ಕ ಹಾಕಿದರೂ ಆ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ನಡುವಿನ ಗುಮಾಸ್ತರು ಜವಾನರಿಗಿಂತ ಮೇಲು, ಅಧಿಕಾರಿಗಳಿಗಿಂತ ಕೆಳಗು. ಏಣಿಯ ಮೆಟ್ಟಿಲಿನ ಹಾಗೆ. ಮೈಕೆಲ್ ಮಾರ್ಮಟ್ ಅನ್ನುವ ವೈದ್ಯರು ಇದನ್ನು ಮುಂದುವರಿಸಿ 1985ರಿಂದ ಎರಡನೇ ಅಧ್ಯಯನ ಮಾಡಿದರು. ತಮ್ಮ ಕೆಲಸದ ಮೇಲೆ ಹಿಡಿತ ಇಲ್ಲದವರಿಗೆ ಹೃದಯದ ಕಾಯಿಲೆ ಹೆಚ್ಚು ಅಂತ ಅದರಲ್ಲಿ ಕಂಡಿತು.

ಕೆಲಸದ ಮೇಲೆ ಹಿಡಿತ ಇಲ್ಲದಿರುವುದು ಅಂದರೆ ಏನು ಅಂತ ರೈತನಿಗೆ ಬಿಡಿಸಿ ಹೇಳಬೇಕೇ? ಬೆಳೆಯುವವರು ನಾವು, ಬೆಲೆ ಕಟ್ಟುವವರು ಬೇರೆ. ಮಂಡಿಯಲ್ಲಿ ನಮ್ಮ ಮಾಲಿಗೆ ನಮ್ಮ ಮುಂದೆಯೇ ಬೇರೆಯವರು ರೇಟು ಕೂಗುತ್ತಾರೆ, ನಾವು ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿರುತ್ತೇವೆ. ಆಗ ಎದೆಯಲ್ಲಿ ಆಗುವ ಸಂಕಟ ನಮಗೆ ಗೊತ್ತು. ಅದೇ ಸಂಕಟವನ್ನು ನಾವು ನಮ್ಮ ಹೊಲದಲ್ಲಿ, ನಮ್ಮ ಜಗಲಿಯಲ್ಲಿ ಇನ್ನೊಬ್ಬರಿಗೆ ಕೊಡುತ್ತೇವೆ. ಏಣಿಯಲ್ಲಿ ನಮಗಿಂತ ಕೆಳಗೆ ಒಬ್ಬರು ಇದ್ದಾರೆ ಅನ್ನುವ ಸಮಾಧಾನದಲ್ಲಿ, ನಮ್ಮ ತಲೆಯ ಮೇಲೆ ಎಷ್ಟು ಕಾಲುಗಳಿವೆ ಅಂತ ನೋಡುವುದನ್ನೇ ಮರೆತಿದ್ದೇವೆ.

ಹಾಗಾದರೆ ಏನು ಮಾಡೋದು? ಮೂರು ಕೆಲಸ ಹೇಳುತ್ತೇನೆ.

ಒಂದು, ಪ್ರತಿ ಊರಿನಲ್ಲೂ ಆಸ್ಪತ್ರೆಯ ಸಾಲದ ಪಟ್ಟಿ ಮಾಡಿ. ಊರೊಳಗಿನವರದ್ದು ಒಂದು, ಕಾಲೋನಿಯದ್ದು ಇನ್ನೊಂದು ಅಂತ ಮಾಡಬೇಡಿ. ಒಂದೇ ಪಟ್ಟಿ. ಬೆಲೆಯ ಬೇಡಿಕೆ ಇಡುವಾಗ ಆ ಪಟ್ಟಿಯೂ ಮೇಜಿನ ಮೇಲೆ ಬರಲಿ.

ಎರಡು, ಆರೋಗ್ಯ ಕೇಂದ್ರದಲ್ಲಿ ಡಾಕ್ಟರು, ನರ್ಸು, ಗುಳಿಗೆ, ಹಾವಿನ ವಿಷಕ್ಕೆ ಇಂಜೆಕ್ಷನ್ ಇದೆಯೋ ಇಲ್ಲವೋ ತಿಂಗಳಿಗೊಮ್ಮೆ ಹೋಗಿ ನೋಡಿ. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರಿಗೆ ಕೂತ ಹಾಗೆ ಕೂರಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಪ್ರತಿ ಊರಿಗೂ ಇರಬೇಕು. ಅದು ಎಲ್ಲಿದೆ ಅಂತ ಪಂಚಾಯಿತಿಯಲ್ಲಿ ಕೇಳಿ. ಅದರ ಸಭೆ ದೇವಸ್ಥಾನದ ಕಟ್ಟೆಯ ಮೇಲೆ ಬೇಡ, ಕಾಲೋನಿಯಲ್ಲಿ ನಡೆಯಲಿ. ಅಲ್ಲಿಯ ಹೆಂಗಸರು ಮೊದಲು ಮಾತಾಡಲಿ, ನಾವು ಆಮೇಲೆ.

ಮೂರನೆಯದು ನಿಮ್ಮ ಮನೆಯದ್ದು. ಸೂರಿನಡಿ ಲೋಟ ಇದ್ದರೆ ಒಳಗೆ ತನ್ನಿ. ಅದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ. ಸಂವಿಧಾನ ಜಾರಿಗೆ ಬಂದ 1950ರಿಂದಲೇ ಅಸ್ಪೃಶ್ಯತೆಯ ಆಚರಣೆ ನಿಷಿದ್ಧ.

ಇದು ಸುಲಭ ಅಂತ ನಾನು ಹೇಳುವುದಿಲ್ಲ. ತೀರಿಕೊಂಡವಳ ಮಗಳು ಈಗ ನಮ್ಮ ಹೊಲಕ್ಕೆ ಬರುತ್ತಾಳೆ. ಮೊದಲ ದಿನ, ಒಳಗೆ ಬಾರವ್ವ, ಕಾಫಿ ಕುಡಿ ಅಂತ ಕರೆದೆ. ಬರಲಿಲ್ಲ. ಅಂಗಳದಲ್ಲೇ ನಿಂತು, ಇಲ್ಲೇ ಕೊಡಿ ಬುದ್ಧಿ ಅಂದಳು. ನನ್ನನ್ನು ನಂಬಲು ಅವಳಿಗೆ ಕಾರಣ ಏನಿದೆ? ನಾನು ಲೋಟ ಹಿಡಿದು ಅಂಗಳಕ್ಕೆ ಇಳಿದೆ, ಪಕ್ಕದಲ್ಲಿ ನಿಂತು ಕುಡಿದೆ. ಹೋದ ಸುಗ್ಗಿಯಲ್ಲಿ ಒಂದು ದಿನ ಜಗಲಿಯ ಅಂಚಿನಲ್ಲಿ ಕೂತಳು. ಇಷ್ಟಾಗಿದೆ, ಇನ್ನೂ ಆಗಬೇಕು.

ಇವತ್ತು ರಾತ್ರಿ ಆ ಹಾಳೆ ಬರೆಯುವುದನ್ನು ಮರೆಯಬೇಡಿ. ಬರೆದು ಮುಗಿದ ಮೇಲೆ, ನಿಮ್ಮ ಹೊಲಕ್ಕೆ ಬರುವವರ ಮನೆಯಲ್ಲೂ ಅಂಥದ್ದೊಂದು ಹಾಳೆ ಇದೆಯೇ ಅಂತ ನಾಳೆ ಕೇಳಿ.